ಗಡಿಯಾರ ನೋಡಿಕೊಂಡು ನಯಾಗರಕ್ಕೆ ಹೋಗಿ: ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮಂದಿರಿಗೆ

ಹಾಸನದ ಮಹಾರಾಜ ಪಾರ್ಕಿಗೆ ಬೆಳಗಿನ ನಡಿಗೆಗೆಂದು ಬರುವ ನಮ್ಮ ಗುಂಪಿನಲ್ಲಿ ಹನ್ನೊಂದು ಜನರಿದ್ದೇವೆ. ಅವರಲ್ಲಿ ಏಳು ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಏಪ್ರಿಲ್ ಬಂತೆಂದರೆ ಒಬ್ಬರಲ್ಲ ಒಬ್ಬರು ಹೊರಡುತ್ತಾರೆ. ಹೊರಡುವ ವಾರ ನನ್ನ ಪಕ್ಕ ಬಂದು ಹೆಜ್ಜೆ ಹಾಕುತ್ತಾ ಕೇಳುವ ಪ್ರಶ್ನೆ ಒಂದೇ: “ನಯಾಗರ ನೋಡುವುದಕ್ಕೆ ಒಂದು ದಿನ ಸಾಕಲ್ಲವೇ ಸರ್?” ಸಾಲದು. ಯಾಕೆ ಸಾಲದು, ಎಷ್ಟು ಬೇಕು, ಹೇಗೆ ನೋಡಬೇಕು ಎಂಬುದನ್ನು ನಡೆಯುತ್ತಾ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕಾಗಿ ಬರೆದಿಡುತ್ತಿದ್ದೇನೆ.

ನಾನು ಎರಡು ಸಲ ಹೋಗಿದ್ದೇನೆ. ಮೊದಲನೆಯದು 2017ರ ಜೂನ್‌ನಲ್ಲಿ, ನ್ಯೂಜೆರ್ಸಿಯಿಂದ ಹೊರಡುವ ಒಂದು ಪ್ರವಾಸಿ ಬಸ್ಸಿನಲ್ಲಿ. ಮೂರು ದಿನದ ಪ್ರವಾಸದಲ್ಲಿ ಜಲಪಾತದ ಎದುರು ನಮ್ಮನ್ನು ಬಿಟ್ಟದ್ದು ಎರಡು ಗಂಟೆ ನಲವತ್ತು ನಿಮಿಷ. ಅದರಲ್ಲಿ ದೋಣಿಯ ಸರದಿಗೇ ಒಂದೂವರೆ ಗಂಟೆ ಹೋಯಿತು. ನನ್ನ ಹೆಂಡತಿಗೆ ಮಂಡಿನೋವು. ಸರದಿಯಲ್ಲಿ ನಿಂತು ನಿಂತು ಸುಸ್ತಾದ ಆಕೆ ದೋಣಿಯಿಂದ ಇಳಿದ ಮೇಲೆ ಏನನ್ನೂ ನೋಡದೆ ಬೆಂಚಿನ ಮೇಲೆ ಕುಳಿತುಬಿಟ್ಟಳು. ಒದ್ದೆ ಕಾಲುಗಳಲ್ಲಿ ಬಸ್ ಹತ್ತಿದೆವು. ಅಷ್ಟು ದೂರ ಹೋಗಿ, ಅಷ್ಟು ದೊಡ್ಡ ನೀರಿನ ಮುಂದೆ ನಿಂತು, ನೋಡದೆ ಬಂದೆವಲ್ಲ ಎಂಬ ಸಂಕಟ ಆರು ವರ್ಷ ನನ್ನಲ್ಲಿ ಉಳಿಯಿತು. 2023ರ ಸೆಪ್ಟೆಂಬರಿನಲ್ಲಿ ಮಗಳು ಮತ್ತು ಅಳಿಯಂದಿರ ಜೊತೆ ಎರಡನೆಯ ಸಲ ಹೋದಾಗ ಎಲ್ಲವನ್ನೂ ನಾನೇ ಕುಳಿತು ಯೋಜಿಸಿದೆ. ಕೆಇಬಿಯಲ್ಲಿ ಸೇರಿ ಚೆಸ್ಕಾಂನಲ್ಲಿ ನಿವೃತ್ತನಾದವನು ನಾನು. 34 ವರ್ಷ ವಿದ್ಯುತ್ತಿನ ಕೆಲಸ ಮಾಡಿದವನಿಗೆ ನಯಾಗರ ಬರೀ ನೋಟದ ಜಾಗವಲ್ಲ, ಅದರ ವಿಷಯ ಕೊನೆಯ ಕಡೆಗೆ ಹೇಳುತ್ತೇನೆ.

ಮೊದಲು ಅಲ್ಲಿ ಏನಿದೆ ಎಂಬುದನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಈರೀ ಸರೋವರದ ನೀರು ಒಂಟಾರಿಯೊ ಸರೋವರಕ್ಕೆ ಹರಿಯುವ ದಾರಿಯೇ ನಯಾಗರ ನದಿ. ನದಿಯ ಒಂದು ದಡ ಅಮೆರಿಕದ ನ್ಯೂಯಾರ್ಕ್ ರಾಜ್ಯ, ಇನ್ನೊಂದು ದಡ ಕೆನಡಾದ ಒಂಟಾರಿಯೊ ಪ್ರಾಂತ್ಯ. ಗಡಿಗೆ ಬೇಲಿಯಿಲ್ಲ, ಕಲ್ಲಿಲ್ಲ. ಅದು ನೀರಿನ ಮಧ್ಯದಲ್ಲೇ ಹೋಗುತ್ತದೆ. ಬೀಳುವ ಜಾಗದಲ್ಲಿ ಗೋಟ್ ಐಲ್ಯಾಂಡ್ ಎಂಬ ನಡುಗಡ್ಡೆ ನದಿಯನ್ನು ಸೀಳುತ್ತದೆ. ಅಮೆರಿಕದ ದಡಕ್ಕೆ ಸರಿದ ಸಣ್ಣ ಪಾಲು ಅಮೆರಿಕನ್ ಫಾಲ್ಸ್ ಮತ್ತು ಅದರ ಪಕ್ಕದ ತೆಳ್ಳನೆಯ ಬ್ರೈಡಲ್ ವೇಲ್ ಆಗಿ ಬೀಳುತ್ತದೆ. ಉಳಿದ ಸುಮಾರು ಶೇ. 90ರಷ್ಟು ನೀರು ಕುದುರೆಲಾಳದಂತೆ ಬಾಗಿದ ಹಾರ್ಸ್‌ಶೂ ಫಾಲ್ಸ್‌ನಲ್ಲಿ. ಈ ಲಾಳದ ಬಹುಪಾಲು ಕೆನಡಾಕ್ಕೆ ಸೇರಿದ್ದು.

ಎತ್ತರವನ್ನು ಕೇಳಿ ನಿರಾಸೆಪಡಬೇಡಿ. ಹಾರ್ಸ್‌ಶೂ 57 ಮೀಟರ್ ಮಾತ್ರ. ನಮ್ಮ ಜೋಗ 253 ಮೀಟರ್, ಕೆಮ್ಮಣ್ಣುಗುಂಡಿಯ ಹೆಬ್ಬೆ 168 ಮೀಟರ್. ಎತ್ತರದಿಂದ ಬೀಳುವ ಸೊಬಗು ನಮ್ಮ ಮಲೆನಾಡಿನ ಅಬ್ಬಿಗಳದ್ದು. ನಯಾಗರದ್ದು ಅಗಲ ಮತ್ತು ಗಾತ್ರ. ಹಾರ್ಸ್‌ಶೂ ಅಂಚಿನ ಉದ್ದ ಸುಮಾರು 670 ಮೀಟರ್. ಅಷ್ಟುದ್ದಕ್ಕೂ ಒಂದು ಕಡೆಯೂ ಕಡಿಯದೆ ಹಸಿರು ಬಣ್ಣದ ನೀರು ಮಗುಚಿಕೊಳ್ಳುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಪತ್ರಿಕೆ ಬಂದ ಕೂಡಲೇ ನಾವು ನೋಡುವುದು ಗೊರೂರಿನ ಹೇಮಾವತಿ ಜಲಾಶಯದ ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 2922 ಅಡಿ, ಸಾಮರ್ಥ್ಯ 37.1 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಎಂಬುದು ನಮಗೆ ಬಾಯಿಪಾಠ. ಅದೇ ಕೊಳಗದಲ್ಲಿ ನಯಾಗರವನ್ನು ಅಳೆಯಿರಿ. ಪ್ರವಾಸಿ ಕಾಲದ ಹಗಲಿನಲ್ಲಿ ಆ ಜಲಪಾತದ ಮೇಲೆ ಕನಿಷ್ಠ 1 ಲಕ್ಷ ಕ್ಯೂಸೆಕ್ ಹರಿಯಲೇಬೇಕು. ಅದೇ ಪ್ರಮಾಣದಲ್ಲಿ ಹಗಲೂ ರಾತ್ರಿ ಹರಿದರೆ ದಿನಕ್ಕೆ 8.64 ಟಿಎಂಸಿ. ತಳ ಕಂಡ ಹೇಮಾವತಿ ಜಲಾಶಯ ನಾಲ್ಕೂಕಾಲು ದಿನದಲ್ಲಿ ತುಂಬಿಹೋಗುತ್ತದೆ.

“ಹರಿಯಲೇಬೇಕು” ಎಂದು ಬರೆದದ್ದು ಸುಮ್ಮನೆ ಅಲ್ಲ. 1950ರಲ್ಲಿ ಅಮೆರಿಕ ಮತ್ತು ಕೆನಡಾ ಮಾಡಿಕೊಂಡ ಒಪ್ಪಂದದಲ್ಲಿ ಹಾಗೆಂದು ಬರೆದಿದೆ. ನದಿಯಲ್ಲಿ ಸಹಜವಾಗಿ ಬರುವುದು ಸುಮಾರು 2 ಲಕ್ಷ ಕ್ಯೂಸೆಕ್. ಜಲಪಾತಕ್ಕೆಂದು ಮೀಸಲಿಟ್ಟದ್ದನ್ನು ಬಿಟ್ಟು ಉಳಿದ ನೀರನ್ನು ಎರಡೂ ದೇಶಗಳು ಸಮನಾಗಿ ಹಂಚಿಕೊಂಡು ಸುರಂಗಗಳ ಮೂಲಕ ತಮ್ಮ ತಮ್ಮ ವಿದ್ಯುದಾಗಾರಗಳಿಗೆ ಒಯ್ಯುತ್ತವೆ. ಜಲಪಾತದ ಮೇಲ್ಭಾಗದಲ್ಲಿ, ಕೆನಡಾ ದಡದಿಂದ ಹೊರಟು ನದಿಯೊಳಕ್ಕೆ ಚಾಚಿಕೊಂಡ 18 ಗೇಟುಗಳ ಕಟ್ಟೆಯೊಂದು ಈ ಲೆಕ್ಕವನ್ನು ಕಾಯುತ್ತದೆ. ಲೆಕ್ಕ ಹೀಗಿದೆ: ಏಪ್ರಿಲ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 8ರಿಂದ ರಾತ್ರಿ 10, ಸೆಪ್ಟೆಂಬರ್ 16ರಿಂದ ಅಕ್ಟೋಬರ್ 31ರವರೆಗೆ ಬೆಳಿಗ್ಗೆ 8ರಿಂದ ರಾತ್ರಿ 8. ಈ ವೇಳೆಯಲ್ಲಿ ಕನಿಷ್ಠ 1 ಲಕ್ಷ ಕ್ಯೂಸೆಕ್. ಉಳಿದ ಎಲ್ಲ ಹೊತ್ತಿನಲ್ಲಿ, ಚಳಿಗಾಲದ ಇಡೀ ದಿನವೂ ಸೇರಿದಂತೆ, ಕನಿಷ್ಠ 50,000.

ನಾವು ಅಲ್ಲಿದ್ದ ತಿಂಗಳಲ್ಲೇ ಊರಿನಲ್ಲಿ ಕಾವೇರಿಯ ಗಲಾಟೆ. ತಮಿಳುನಾಡಿಗೆ 5,000 ಕ್ಯೂಸೆಕ್ ಬಿಡಬೇಕೆಂಬ ಸುದ್ದಿ ದಿನವೂ ಮೊಬೈಲಿನಲ್ಲಿ ಬರುತ್ತಿತ್ತು. ಎರಡು ದೇಶಗಳು ಗಂಟೆಯ ಲೆಕ್ಕದಲ್ಲಿ ನೀರು ಹಂಚಿಕೊಂಡು, ನೋಡಲು ಬರುವವರ ಕಣ್ಣಿಗೂ ಒಂದು ಪಾಲು ಎತ್ತಿಟ್ಟಿರುವುದನ್ನು ನೋಡಿ ನನಗೆ ಗಂಟಲು ಕಟ್ಟಿತು. ನಮ್ಮದು ಮಳೆಯನ್ನೇ ನಂಬಿದ ನದಿ, ಅವರದು ಸಮುದ್ರದಂಥ ಸರೋವರಗಳಿಂದ ಬರುವ ನದಿ, ಹೋಲಿಕೆ ಪೂರ್ತಿ ಸರಿಯಲ್ಲ ಎಂಬುದು ನನಗೂ ಗೊತ್ತು. ಆದರೂ ಹಾಗೆನ್ನಿಸಿತು.

ಈ ವೇಳಾಪಟ್ಟಿಯಿಂದ ನಿಮಗೆ ಸಿಗುವ ಪ್ರಯೋಜನ ಏನೆಂದರೆ, ಯಾವಾಗ ಹೋಗಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ನವೆಂಬರಿನಿಂದ ಮಾರ್ಚ್‌ವರೆಗೆ ಬೇಡ. ನೀರು ಅರ್ಧ, ದೋಣಿ ಇಲ್ಲ, ನಮ್ಮ ವಯಸ್ಸಿನವರು ಹಿಮದ ಮೇಲೆ ಜಾರಿ ಬಿದ್ದರೆ ಸೊಂಟಕ್ಕೆ ಅಪಾಯ. ಜುಲೈ, ಆಗಸ್ಟ್‌ನಲ್ಲಿ ನೀರು ಪೂರ್ತಿ ಇರುತ್ತದೆ, ಜನವೂ ಜಾತ್ರೆಯಂತೆ ಇರುತ್ತಾರೆ. ನನ್ನ ಸಲಹೆ ಸೆಪ್ಟೆಂಬರ್ ಮೊದಲ ಸೋಮವಾರ ಕಳೆದ ಮೇಲಿನ ವಾರ. ಆ ಸೋಮವಾರ ಅಲ್ಲಿನ ಕಾರ್ಮಿಕರ ದಿನದ ರಜೆ. ಅದು ಮುಗಿದರೆ ಮಕ್ಕಳೆಲ್ಲ ಶಾಲೆಗೆ ಹೋಗುತ್ತಾರೆ. 15ನೇ ತಾರೀಖಿನೊಳಗೆ ಹೋದರೆ ರಾತ್ರಿ ಹತ್ತರವರೆಗೂ ತುಂಬು ನೀರು. ಶನಿವಾರ ಭಾನುವಾರ ತಪ್ಪಿಸಿ. ಮಕ್ಕಳು ವಾರದ ಮಧ್ಯೆ ಎರಡು ದಿನ ರಜೆ ಹಾಕಲಿ. ನಾವು ಅವರಿಗಾಗಿ ಎಷ್ಟೋ ರಜೆ ಹಾಕಿದ್ದೇವೆ, ಕೇಳುವುದರಲ್ಲಿ ತಪ್ಪಿಲ್ಲ.

ಕಾಗದಪತ್ರದ ವಿಷಯಕ್ಕೆ ಬರೋಣ. ಗಡಿಯ ಮೇಲಿನ ಜಲಪಾತವಾದ್ದರಿಂದ ಇಲ್ಲಿ ಎಡವಿದರೆ ನಷ್ಟ ದೊಡ್ಡದು.

ಅಮೆರಿಕದ ಕಡೆಯಿಂದ ಮಾತ್ರ ನೋಡುವುದಾದರೆ ನಿಮ್ಮ ಸಂದರ್ಶಕ ವೀಸಾ ಸಾಕು. ಸೇತುವೆ ದಾಟಿ ಕೆನಡಾ ಕಡೆಗೂ ಹೋಗುವ ಆಸೆಯಿದ್ದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಬೇರೆಯಾಗಿಯೇ ಬೇಕು. ಅಮೆರಿಕದ ವೀಸಾ ತೋರಿಸಿದರೆ ಬಿಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಹಾಸನದಿಂದ ಹೊರಡುವ ಮುಂಚೆಯೇ ಅರ್ಜಿ ಹಾಕಿ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಿದ್ದೆ. ಬೆರಳಚ್ಚು ಒಮ್ಮೆ ಕೊಟ್ಟರೆ 10 ವರ್ಷ ನಡೆಯುತ್ತದೆ. ವೀಸಾ ಬರುವುದಕ್ಕೆ ಎಷ್ಟು ದಿನ ಎಂಬುದು ಕಾಲಕಾಲಕ್ಕೆ ಬದಲಾಗುವುದರಿಂದ ವಿಮಾನದ ಟಿಕೆಟ್ ತೆಗೆಸುವ ಮುಂಚೆಯೇ ಅರ್ಜಿ ಹಾಕಿಬಿಡಿ. ಮರಳಿ ಅಮೆರಿಕಕ್ಕೆ ಬರುವಾಗ ನಿಮ್ಮ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ ಇದ್ದು ಅವಧಿಯೊಳಗೆ ಇರಬೇಕು.

ಇನ್ನೊಂದು ಎಚ್ಚರಿಕೆ ನಿಮಗಲ್ಲ, ಮಕ್ಕಳಿಗೆ. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವ ಎಷ್ಟೋ ಮಕ್ಕಳ ಪಾಸ್‌ಪೋರ್ಟಿನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದಿರುತ್ತದೆ, ಕೆಲಸ ಮಾಡುವ ಅನುಮತಿ ಮಾತ್ರ ಮುಂದುವರಿದಿರುತ್ತದೆ. ಅಂಥವರು ತಮ್ಮ ಕಂಪನಿಯ ವಕೀಲರನ್ನು ಕೇಳದೆ ಅಪ್ಪ ಅಮ್ಮನ ಖುಷಿಗೆಂದು ಸೇತುವೆ ದಾಟುವುದು ಬೇಡ. ಈ ಮಾತನ್ನು ಮುಜುಗರಪಡದೆ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಕೇಳಿ. ದಾಟಲಾಗದಿದ್ದರೆ ದಾಟಬೇಡಿ, ಅಮೆರಿಕದ ಕಡೆಯಲ್ಲೇ ಎರಡು ದಿನಕ್ಕೆ ಆಗುವಷ್ಟಿದೆ.

ದಾಟದಿದ್ದರೂ ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಯಾಕೆಂದರೆ ದಾರಿ ತಪ್ಪುವುದು ಸುಲಭ. ನಯಾಗರ ಫಾಲ್ಸ್ ಎಂಬ ಹೆಸರಿನ ಊರು ನದಿಯ ಎರಡೂ ದಡಗಳಲ್ಲಿ ಇದೆ, ಎರಡು ದೇಶಗಳಲ್ಲಿ. ಕಾರಿನ ನಕ್ಷೆಯಲ್ಲಿ ಬರೀ “ನಯಾಗರ ಫಾಲ್ಸ್” ಎಂದು ಹಾಕಿದರೆ ಅದು ಯಾವ ಕಡೆಗೆ ಕರೆದೊಯ್ಯುತ್ತದೋ ಹೇಳಲಾಗದು. “ನಯಾಗರ ಫಾಲ್ಸ್ ಸ್ಟೇಟ್ ಪಾರ್ಕ್, ನ್ಯೂಯಾರ್ಕ್” ಎಂದು ಪೂರ್ತಿ ಹಾಕಿ. ಬಫಲೊ ಊರಿನ ಹತ್ತಿರ ಪೀಸ್ ಬ್ರಿಡ್ಜ್ ಎಂಬ ಇನ್ನೊಂದು ಸೇತುವೆಯೂ ಕೆನಡಾಕ್ಕೆ ಹೋಗುತ್ತದೆ. ಸಂಜೆಯ ಮಳೆಯಲ್ಲಿ ನಮ್ಮ ಅಳಿಯಂದಿರು ಆ ಸಾಲಿಗೆ ಕಾರು ತಿರುಗಿಸಿಯೇಬಿಟ್ಟಿದ್ದರು, ಹಿಂದಿನ ಸೀಟಿನಿಂದ ಮಗಳು ಕೂಗಿದ್ದರಿಂದ ಉಳಿದೆವು. “ಕೆನಡಾಕ್ಕೆ ಸೇತುವೆ” ಎಂಬ ಫಲಕ ಕಂಡಾಗಲೆಲ್ಲ ಕಾರಿನಲ್ಲಿರುವ ಎಲ್ಲರೂ ಮಾತು ನಿಲ್ಲಿಸಿ ದಾರಿ ನೋಡಬೇಕು. ಅಕಸ್ಮಾತ್ ಸಿಕ್ಕಿಹಾಕಿಕೊಂಡರೆ ಅಧಿಕಾರಿಗೆ ದಾರಿ ತಪ್ಪಿತು ಎಂದು ನೇರವಾಗಿ ಹೇಳಿ ಪಾಸ್‌ಪೋರ್ಟ್ ಕೊಡಿ.

ನ್ಯೂಜೆರ್ಸಿಯ ಎಡಿಸನ್ ಕಡೆಯಿಂದ ಕಾರಿನಲ್ಲಿ ಆರೂವರೆಯಿಂದ ಏಳು ಗಂಟೆ. ನಡುವೆ ಮೂರು ಸಲ ನಿಲ್ಲಿಸಿ, ಕಾಲು ಊದಿಕೊಳ್ಳುತ್ತದೆ. ನ್ಯೂಯಾರ್ಕ್ ನಗರದಿಂದ ರೈಲೂ ಇದೆ. ಸುಮಾರು ಒಂಬತ್ತು ಗಂಟೆಯ ಪ್ರಯಾಣ, ಕಿಟಕಿಯ ಪಕ್ಕ ಹಡ್ಸನ್ ನದಿ. ದೂರದ ರಾಜ್ಯಗಳಿಂದ ಬರುವವರು ಬಫಲೊಗೆ ವಿಮಾನದಲ್ಲಿ ಬರಬಹುದು. ಉಳಿದುಕೊಳ್ಳುವ ಹೋಟೆಲು ಪಾರ್ಕಿಗೆ ನಡೆದು ಹೋಗುವಷ್ಟು ಹತ್ತಿರವೇ ಇರಲಿ. ಐದು ಮೈಲಿ ಆಚೆ ಅಗ್ಗಕ್ಕೆ ಸಿಗುತ್ತದೆ ಎಂದು ಮಕ್ಕಳು ಹೇಳಿದರೆ ಒಪ್ಪಬೇಡಿ. ಹತ್ತಿರವಿದ್ದರೆ ಮಧ್ಯಾಹ್ನ ಬಂದು ಎರಡು ಗಂಟೆ ಮಲಗಿ, ಸಂಜೆ ಮತ್ತೆ ಹೋಗಬಹುದು. ನಮ್ಮ ವಯಸ್ಸಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಎರಡು ರಾತ್ರಿ ಉಳಿಯಿರಿ. ಪಾರ್ಕಿಗೆ ಪ್ರವೇಶ ಶುಲ್ಕವಿಲ್ಲ, ದಿನದ 24 ಗಂಟೆಯೂ ತೆರೆದಿರುತ್ತದೆ. ಹಣ ಕೊಡಬೇಕಾದ್ದು ಕಾರು ನಿಲ್ಲಿಸಲು, ದೋಣಿಗೆ, ಕೆಳಗಿಳಿಯುವ ಲಿಫ್ಟಿಗೆ. ದರಗಳು ಬದಲಾಗುತ್ತಿರುತ್ತವೆ, ಮಕ್ಕಳು ಮೊಬೈಲಿನಲ್ಲಿ ನೋಡಿ ಮೊದಲೇ ಕಾದಿರಿಸಲಿ.

ಈಗ ನೋಡುವ ಕ್ರಮ. ಎಲ್ಲರೂ ಹೋದ ಕೂಡಲೇ ದೋಣಿಯ ಸರದಿಗೆ ಓಡುತ್ತಾರೆ. ನೀವು ಹಾಗೆ ಮಾಡಬೇಡಿ.

ಮೊದಲ ಬೆಳಿಗ್ಗೆ ಏಳಕ್ಕೆಲ್ಲ ಗೋಟ್ ಐಲ್ಯಾಂಡಿನ ತುದಿಯಲ್ಲಿರುವ ಟೆರಪಿನ್ ಪಾಯಿಂಟಿಗೆ ಹೋಗಿ ನಿಲ್ಲಿ. ದಡದಿಂದ ನಡುಗಡ್ಡೆಗೆ ಸೇತುವೆಯಿದೆ, ಕಾರು ಅಲ್ಲಿಯವರೆಗೂ ಹೋಗುತ್ತದೆ. ಹಾರ್ಸ್‌ಶೂ ಜಲಪಾತ ಮಗುಚಿಕೊಳ್ಳುವ ಅಂಚು ಅಲ್ಲಿ ನಿಮ್ಮ ಕೈಗೆಟುಕುವಷ್ಟು ಹತ್ತಿರ. ನಾವು ಹೋದಾಗ ಸೂರ್ಯ ಆಗಷ್ಟೇ ಹುಟ್ಟಿದ್ದ. ನಮ್ಮನ್ನು ಬಿಟ್ಟರೆ ಇನ್ನು ನಾಲ್ಕೈದು ಜನ. ಅಂಚಿನ ಈಚೆ, ನಮ್ಮ ಬದಿಯಲ್ಲಿ ನೀರು ತೆಳ್ಳಗಿತ್ತು, ಬಂಡೆಗಳ ಬೆನ್ನು ಕಾಣುತ್ತಿತ್ತು, ಅವುಗಳ ಮೇಲೆ ಕಡಲಕ್ಕಿಗಳು ಕುಳಿತಿದ್ದವು. ನಾನು ಮೂರು ಬಂಡೆಗಳನ್ನು ಗುರುತು ಹಾಕಿಕೊಂಡೆ. ನೀರು ಏರುವುದು ಗೊರೂರಿನಲ್ಲಿ ಗೇಟು ಎತ್ತಿದಂತೆ ಒಮ್ಮೆಲೇ ಅಲ್ಲ, ಬಹಳ ನಿಧಾನ. ಎಂಟೂವರೆಯ ಹೊತ್ತಿಗೆ ನನ್ನ ಮೂರು ಬಂಡೆಗಳಲ್ಲಿ ಎರಡು ಮುಳುಗಿದ್ದವು, ಕೆಳಗಿನಿಂದ ಏಳುವ ತುಂತುರಿನ ಮೋಡ ದಪ್ಪವಾಗಿತ್ತು. ಬೆಳಗಿನ ಸೂರ್ಯ ಬೆನ್ನ ಹಿಂದೆ ಇರುವುದರಿಂದ ಆ ತುಂತುರಿನಲ್ಲಿ ಕಾಮನಬಿಲ್ಲು ಮೂಡುತ್ತದೆ. ನೆನಪಿಡಿ: ಅಮೆರಿಕದ ಕಡೆಯಿಂದ ಕಾಮನಬಿಲ್ಲಿಗೆ ಬೆಳಿಗ್ಗೆ, ಕೆನಡಾ ಕಡೆಯಿಂದ ಮಧ್ಯಾಹ್ನದ ಮೇಲೆ.

ನನ್ನ ಹೆಂಡತಿ ಆ ಹೊತ್ತಿನಲ್ಲಿ ನೋಡಿದ್ದಕ್ಕಿಂತ ಹೆಚ್ಚಾಗಿ ಕೇಳಿಸಿಕೊಂಡಳು. ಅವಳ ತವರು ಸಕಲೇಶಪುರದಲ್ಲಿ, ಹೇಮಾವತಿಗೆ ಕೂಗಳತೆ ದೂರದ ಮನೆ. ಆಷಾಢದ ರಾತ್ರಿಗಳಲ್ಲಿ ಹಾಸಿಗೆಯಲ್ಲೇ ಮಲಗಿ, ಹೊಳೆಯ ಸದ್ದಿನ ಮೇಲೆ ನೀರು ಎಷ್ಟು ಏರಿದೆ ಎಂದು ಅವರಮ್ಮ ಹೇಳುತ್ತಿದ್ದರಂತೆ. ಬೇಲಿಯ ಕಂಬಿಗೆ ಕೈಯಿಟ್ಟು ನಿಂತು, “ಇದು ಕಿವಿಯಲ್ಲಿ ಕೇಳಿಸುವುದಿಲ್ಲ, ಕೈಯಲ್ಲಿ ಕೇಳಿಸುತ್ತದೆ” ಎಂದಳು. ನೀವೂ ಕಂಬಿಗೆ ಅಂಗೈ ಒತ್ತಿ ನೋಡಿ.

ಆಮೇಲೆ ತಿಂಡಿ ತಿಂದು ದೋಣಿಗೆ ಹೋಗಿ. ದಿನದ ಮೊದಲ ಕೆಲವು ಸುತ್ತುಗಳಲ್ಲೇ ಹತ್ತಿ, ಸರದಿ ಚಿಕ್ಕದಾಗಿರುತ್ತದೆ. ದೋಣಿಯ ಹೆಸರು ಮೇಡ್ ಆಫ್ ದಿ ಮಿಸ್ಟ್. ಈ ಹೆಸರಿನ ಮೊದಲ ದೋಣಿ ಅಲ್ಲಿ ನಡೆದದ್ದು 1846ರಲ್ಲಿ. ವೀಕ್ಷಣಾ ಗೋಪುರದ ಲಿಫ್ಟ್ ನಿಮ್ಮನ್ನು ಕೆಳಗೆ ಇಳಿಸುತ್ತದೆ, ಮಂಡಿನೋವಿನವರಿಗೂ ತೊಂದರೆಯಿಲ್ಲ. ನೀಲಿ ಬಣ್ಣದ ತೆಳುವಾದ ಮಳೆಯಂಗಿ ಕೊಡುತ್ತಾರೆ. 20 ನಿಮಿಷದ ಪಯಣ. ಅಮೆರಿಕನ್ ಫಾಲ್ಸ್ ದಾಟಿ ಹಾರ್ಸ್‌ಶೂ ಮಡಿಲಿನೊಳಕ್ಕೆ ಹೋಗಿ ನಿಲ್ಲುತ್ತದೆ. ಮೂರು ಕಡೆಯೂ ನೀರಿನ ಗೋಡೆ, ಮೇಲೆ ಆಕಾಶ ಕಾಣುವುದಿಲ್ಲ. ಮೇಲಿನ ಅಂತಸ್ತಿನ ಕಂಬಿ ಹಿಡಿದು ನಿಂತರೆ ಚೆನ್ನಾಗಿ ಕಾಣುತ್ತದೆ, ಪೂರ್ತಿ ನೆನೆಯುತ್ತೀರಿ. ಕೆಳಗಿನ ಅಂತಸ್ತಿನಲ್ಲಿ ನೆನೆಯುವುದು ಕಡಿಮೆ. ಕೆನಡಾ ದಡದಿಂದ ಬರುವ ದೋಣಿಗಳಲ್ಲಿ ಕೆಂಪು ಅಂಗಿ. ಎರಡು ದೇಶಗಳ ಜನ ಗಡಿಯ ನೀರಿನ ಮೇಲೆ ಪರಸ್ಪರ ಕೈಬೀಸುತ್ತಾರೆ.

ಸೀರೆ ಉಟ್ಟು ದೋಣಿ ಹತ್ತಬೇಡಿ ಎಂದು ಹೆಂಗಸರಿಗೆ ಹೇಳುತ್ತೇನೆ. ನೆರಿಗೆ ನೆನೆದು ಭಾರವಾಗಿ ಕಾಲಿಗೆ ತೊಡರುತ್ತದೆ. ಚೂಡಿದಾರ್, ಅದರ ಮೇಲೊಂದು ಸ್ವೆಟರ್. ಕಾಲಿಗೆ ಹಿಡಿತವಿರುವ ಬೂಟು, ಚೀಲದಲ್ಲಿ ಒಣಗಿದ ಎರಡು ಜೊತೆ ಕಾಲುಚೀಲ. ಕಿವಿಗೆ ಶ್ರವಣಯಂತ್ರ ಹಾಕುವವರು ಹತ್ತುವ ಮುಂಚೆಯೇ ಅದನ್ನು ತೆಗೆದು ಡಬ್ಬಿಗೆ ಹಾಕಿ ಒಳಜೇಬಿನಲ್ಲಿಡಿ. ನಮ್ಮ ಗುಂಪಿನ ಒಬ್ಬರು ಇದೇ ದೋಣಿಯಲ್ಲಿ ತಮ್ಮ ಯಂತ್ರ ಹಾಳುಮಾಡಿಕೊಂಡು, ಉಳಿದ ಎರಡು ತಿಂಗಳು ಮೊಮ್ಮಗುವಿನ ಮಾತು ಸರಿಯಾಗಿ ಕೇಳದೆ ಕಳೆದರು. ಕನ್ನಡಕ ಒರೆಸಲು ಒಣ ಬಟ್ಟೆಯೊಂದು ಪ್ಲಾಸ್ಟಿಕ್ ಚೀಲದೊಳಗೆ ಇರಲಿ.

ಕೇವ್ ಆಫ್ ದಿ ವಿಂಡ್ಸ್ ಎಂಬುದು ಹೆಸರಿಗೆ ಗುಹೆ, ಈಗ ಇರುವುದು ಮರದ ಅಟ್ಟಣಿಗೆಗಳು. 53 ಮೀಟರ್ ಲಿಫ್ಟಿನಲ್ಲಿ ಇಳಿದು, ಬ್ರೈಡಲ್ ವೇಲ್‌ನ ಬುಡಕ್ಕೆ ಮೆಟ್ಟಿಲು ಹತ್ತಿ ಹೋಗುತ್ತೀರಿ. ಕೊನೆಯ ಅಟ್ಟಣಿಗೆಯಿಂದ ಬೀಳುವ ನೀರಿಗೆ ಇಪ್ಪತ್ತೇ ಅಡಿ. ಚಳಿಗಾಲದ ಹಿಮ ಇವನ್ನು ಮುರಿಯುವುದರಿಂದ ಪ್ರತಿ ನವೆಂಬರಿನಲ್ಲಿ ಬಿಚ್ಚಿ ಪ್ರತಿ ವಸಂತದಲ್ಲಿ ಹೊಸದಾಗಿ ಕಟ್ಟುತ್ತಾರೆ. ಮಂಡಿ ಗಟ್ಟಿಯಿದ್ದು ಉಸಿರು ಸರಿಯಿದ್ದರೆ ಮಾತ್ರ ಹೋಗಿ. ನನ್ನ ಹೆಂಡತಿ ಮೊದಲ ಹಂತದಲ್ಲೇ ನಿಂತಳು, ನಾನು ಮೇಲಿನವರೆಗೆ ಹೋದೆ. ಗಾಳಿ ಮುಖಕ್ಕೆ ಹೊಡೆಯುತ್ತದೆ, ಉಸಿರೆಳೆದರೆ ನೀರೇ ಒಳಗೆ ಹೋಗುತ್ತದೆ. ಹೃದಯಕ್ಕೆ ಚಿಕಿತ್ಸೆ ಮಾಡಿಸಿಕೊಂಡವರು ಕೆಳಗೇ ನಿಂತು ನೋಡುವುದು ಒಳ್ಳೆಯದು.

ಮಧ್ಯಾಹ್ನ ಮಲಗಿ. ಊಟಕ್ಕೆ ಪಾರ್ಕಿನ ಹೊರಗೇ ಭಾರತೀಯ ಹೋಟೆಲುಗಳಿವೆ, ಉತ್ತರದ ಅಡುಗೆಯೇ ಹೆಚ್ಚು. ನಾವು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಪಾತಿ ಒಯ್ದಿದ್ದೆವು. ಗೋಟ್ ಐಲ್ಯಾಂಡಿನ ಮರದ ಕೆಳಗೆ ಬೆಂಚಿನ ಮೇಲೆ ತಿಂದ ಆ ಊಟದ ರುಚಿ ಯಾವ ಹೋಟೆಲಿನಲ್ಲೂ ಸಿಗಲಿಲ್ಲ. ಕೆನಡಾಕ್ಕೆ ದಾಟುವ ದಿನ ಮಾತ್ರ ಚೀಲದಲ್ಲಿ ಹಣ್ಣು ಇಟ್ಟುಕೊಳ್ಳಬೇಡಿ, ಮರಳುವಾಗ ತೊಂದರೆ. ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ. ಪ್ರಯಾಣದ ಆರೋಗ್ಯ ವಿಮೆ ಊರಿನಲ್ಲೇ ಮಾಡಿಸಿ.

ಎರಡನೆಯ ದಿನ ನಾನೂ ಮಗಳೂ ಸೇತುವೆ ದಾಟಿದೆವು. ಹೆಂಡತಿ ಅಳಿಯಂದಿರ ಜೊತೆ ಈ ದಡದಲ್ಲೇ ಉಳಿದಳು. ರೈನ್‌ಬೋ ಬ್ರಿಡ್ಜ್ 1941ರಲ್ಲಿ ತೆರೆದದ್ದು, ನಡೆದುಕೊಂಡೇ ದಾಟಬಹುದು. ಕಾರಿನ ಸಾಲಿನಲ್ಲಿ ಕಾಯುವುದಕ್ಕಿಂತ ನಡೆಯುವುದೇ ಸುಲಭ. ನಡುವೆ ಗಡಿಯ ಗುರುತಿನ ಫಲಕವಿದೆ. ಒಂದು ಕಾಲು ಅಮೆರಿಕದಲ್ಲಿ, ಒಂದು ಕಾಲು ಕೆನಡಾದಲ್ಲಿ ಇಟ್ಟು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆ ದಡದ ವಿಶೇಷ ಎಂದರೆ ಜಲಪಾತಗಳು ಎದುರಿನಿಂದ, ಪೂರ್ತಿಯಾಗಿ, ಒಂದೇ ನೋಟದಲ್ಲಿ ಕಾಣುತ್ತವೆ. ಅಮೆರಿಕದ ಕಡೆ ನೀವು ನೀರಿನ ಪಕ್ಕದಲ್ಲಿರುತ್ತೀರಿ, ಇಲ್ಲಿ ನೀರಿನ ಎದುರಿಗಿರುತ್ತೀರಿ. ಟೇಬಲ್ ರಾಕ್ ಎಂಬ ಜಾಗದವರೆಗೆ ನದಿಯಂಚಿನ ದಾರಿಯಲ್ಲಿ ನಡೆಯಿರಿ, ಆಯಾಸವಾದರೆ ಬಸ್ಸಿದೆ. ಊರಿನ ಒಳಗಿನ ಆಟದ ಅಂಗಡಿಗಳ ಬೀದಿಗೆ ನಾನು ಹೋಗಲಿಲ್ಲ, ಹೋಗುವ ಅಗತ್ಯವೂ ಕಾಣಲಿಲ್ಲ. ಮೂರು ಗಂಟೆಯಲ್ಲಿ ಮರಳಿ ಬಂದೆವು. ಒಂದೇ ಕಡೆ ನೋಡಲು ಸಾಧ್ಯ ಎನ್ನುವವರು ಯಾವುದನ್ನು ಆರಿಸಬೇಕು? ಫೋಟೊ ಬೇಕೆನ್ನುವವರಿಗೆ ಕೆನಡಾ. ನೀರಿನ ಸಹವಾಸ ಬೇಕೆನ್ನುವವರಿಗೆ ಅಮೆರಿಕ. ನನ್ನನ್ನು ಕೇಳಿದರೆ ಅಮೆರಿಕ.

ಅದಕ್ಕೆ ನನ್ನದೇ ಆದ ಕಾರಣವೊಂದಿದೆ. ಗೋಟ್ ಐಲ್ಯಾಂಡಿನಲ್ಲಿ ನಿಕೋಲಾ ಟೆಸ್ಲಾ ಅವರ ಕಂಚಿನ ಪ್ರತಿಮೆಯಿದೆ. ತೊಡೆಯ ಮೇಲೆ ಕಾಗದಗಳನ್ನು ಹರಡಿಕೊಂಡು ಕುಳಿತಿದ್ದಾರೆ. ಹಳೆಯ ಆ್ಯಡಮ್ಸ್ ವಿದ್ಯುದಾಗಾರದ ಕಲ್ಲಿನ ಕಮಾನನ್ನೂ ಅದೇ ನಡುಗಡ್ಡೆಯಲ್ಲಿ ತಂದು ನಿಲ್ಲಿಸಿದ್ದಾರೆ. 1896ರ ನವೆಂಬರಿನಲ್ಲಿ ಆ ವಿದ್ಯುದಾಗಾರದಿಂದ, ಟೆಸ್ಲಾ ಅವರ ಪರ್ಯಾಯ ವಿದ್ಯುತ್ತಿನ (ಎ.ಸಿ.) ವಿಧಾನದಲ್ಲಿ, ಬಫಲೊ ನಗರಕ್ಕೆ ವಿದ್ಯುತ್ ಹೋಯಿತು. ಅದಾಗಿ ಆರು ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಕಳಿಸಿದರು. ಅದಕ್ಕೆ ವಿದ್ಯುತ್ ಯಂತ್ರಗಳನ್ನು ಕಳಿಸಿದ್ದು ಇದೇ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್. ಮೂಡಿಗೆರೆಯ ಕಡೆ ಹುಟ್ಟಿ ನಮ್ಮ ಜಿಲ್ಲೆಯನ್ನು ಹಾದು ಹೋಗುವ ಹೇಮಾವತಿಯ ನೀರೂ ಕಾವೇರಿಗೆ ಸೇರಿ ಶಿವನಸಮುದ್ರದಲ್ಲಿ ಬೀಳುತ್ತದೆ. ನಾನು ಉಂಡ ಅನ್ನದ ದಾರಿ ಹುಡುಕಿಕೊಂಡು ಹೋದರೆ ಈ ಪ್ರತಿಮೆಯ ಕಾಲಬುಡಕ್ಕೆ ಬಂದು ನಿಲ್ಲುತ್ತದೆ. ಬೂಟು ಬಿಚ್ಚಿಟ್ಟು ನಮಸ್ಕಾರ ಮಾಡಿದೆ. ಮಕ್ಕಳು ಅವರ ತೊಡೆಯೇರಿ ಆಡುತ್ತಿದ್ದರು, ಅದೂ ಚೆನ್ನಾಗಿತ್ತು. ಈಗ ಮೇಡ್ ಆಫ್ ದಿ ಮಿಸ್ಟ್ ದೋಣಿಗಳು ಡೀಸೆಲ್ ಬಿಟ್ಟು ಬ್ಯಾಟರಿಯಲ್ಲಿ ಓಡುತ್ತಿವೆ, ಎರಡರಲ್ಲಿ ಒಂದಕ್ಕೆ ನಿಕೋಲಾ ಟೆಸ್ಲಾ ಎಂದೇ ಹೆಸರು. ಪ್ರತಿ ಸುತ್ತಿನ ನಂತರ ದಡದಲ್ಲಿ ಏಳು ನಿಮಿಷ ಚಾರ್ಜ್ ಮಾಡುತ್ತಾರೆ. ನಮ್ಮ ಇಲಾಖೆಯಲ್ಲಿ, ಲೈನ್‌ಮನ್ ಆಗಿ, ಉಪಕೇಂದ್ರದಲ್ಲಿ, ಎಲ್ಲಿ ದುಡಿದವರಾದರೂ ಸರಿ, ಅಲ್ಲಿಗೆ ಹೋದರೆ ಈ ಪ್ರತಿಮೆಯನ್ನು ನೋಡದೆ ಬರಬೇಡಿ.

ರಾತ್ರಿ ಜಲಪಾತಕ್ಕೆ ಬಣ್ಣದ ಬೆಳಕು ಹಾಯಿಸುತ್ತಾರೆ. ಬೆಳಕು ಬರುವುದು ಕೆನಡಾ ದಡದಿಂದ, ಆದ್ದರಿಂದ ಅಲ್ಲಿ ನಿಂತವರಿಗೆ ಹೆಚ್ಚು ಚೆಂದ. ಈ ದಡದಲ್ಲಿ ಪ್ರಾಸ್ಪೆಕ್ಟ್ ಪಾಯಿಂಟಿನಿಂದ ಓರೆಯಾಗಿ ಕಾಣುತ್ತದೆ. ನನಗೆ ಆ ನೀಲಿ ಕೆಂಪು ಬಣ್ಣಗಳು ಹೆಚ್ಚು ಹಿಡಿಸಲಿಲ್ಲ, ಮೊಮ್ಮಗಳು ಮಾತ್ರ ಪ್ರತಿ ಬಣ್ಣಕ್ಕೂ ಚಪ್ಪಾಳೆ ತಟ್ಟಿದಳು. ನೀವು ಅದನ್ನು ನೋಡಿ ಮುಗಿಸಿ ಕೋಣೆಗೆ ಹೊರಡಬೇಡಿ. ಒಂದು ಶಾಲು ಹೊದ್ದುಕೊಂಡು ಹತ್ತು ಗಂಟೆ ದಾಟುವವರೆಗೆ ಅಲ್ಲೇ ಕುಳಿತಿರಿ.

ನಾವು ಎರಡನೆಯ ರಾತ್ರಿ ಹಾಗೆ ಕುಳಿತೆವು. ಮಗಳು, ಅಳಿಯಂದಿರು, ಮೊಮ್ಮಗಳು ಕೋಣೆಗೆ ಹೋಗಿದ್ದರು. ನೀರಿನ ವೇಳಾಪಟ್ಟಿಯ ವಿಷಯವನ್ನು ಹೆಂಡತಿಗೆ ನಾನು ಬೆಳಿಗ್ಗೆಯ ಮಟ್ಟಿಗೆ ಹೇಳಿದ್ದೆ, ರಾತ್ರಿಯದ್ದು ಹೇಳಿರಲಿಲ್ಲ. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದವಳು ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿ, “ರೀ, ಹೊಳೆ ಇಳಿಯುತ್ತಿದೆ” ಎಂದಳು. ಕೈಗಡಿಯಾರ ನೋಡಿದೆ. ಹತ್ತೂ ಇಪ್ಪತ್ತಾಗಿತ್ತು.